ಫ್ಲೆಕ್ಸ್ ಮಾತ್ರ ಬೇಡ

ನಮ್ಮ ವಾರ್ಡಿನ ಮನೆ ನಾನೂರ ಹನ್ನೆರಡು.
ಮನೆಗೆ ಐವತ್ತು ರೂಪಾಯಿ, ರಶೀದಿ ಮಲಯಾಳದಲ್ಲಿ,
ಬೈಗುಳ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ.
'ನಾಳೆ ಬಾ' ಎನ್ನುವುದು ಮಾತ್ರ
ಎಲ್ಲ ಭಾಷೆಯಲ್ಲೂ ಒಂದೇ ಥರ ಕೇಳಿಸುತ್ತದೆ.

ಮಿಸ್ರಿಯಾ ತೂಗುತ್ತಾಳೆ, ನಾನು ಬೇರ್ಪಡಿಸುತ್ತೇನೆ.
ಕಣ್ಣು ಬೇಡ ಇದಕ್ಕೆ, ಬೆರಳು ಸಾಕು:
ಹಾಲಿನ ತೊಟ್ಟೆ ಹಿಂಡಿದರೂ ಸುಮ್ಮನಿರುತ್ತದೆ,
ಚಿಪ್ಸಿನದು ಮುಟ್ಟಿದರೆ ಕಿರುಚುತ್ತದೆ,
ಶಾಂಪೂವಿನದರ ಒಳಗೆ ಬೆಳ್ಳಿ,
ಆ ಬೆಳ್ಳಿಯನ್ನು ಯಾವ ಗುಜರಿಯವನೂ ಕೊಳ್ಳುವುದಿಲ್ಲ.
ಮೀನು ತಂದ ತೊಟ್ಟೆಯ ಬಗ್ಗೆ ನಾನು ಮಾತಾಡುವುದಿಲ್ಲ.

ಕುಂಬಳೆಯ ಆಚೆ ಗುಡ್ಡದ ಮೇಲಿನ ಶೆಡ್ಡಿಗೆ
ಯಂತ್ರ ಬಂದಿದೆಯೆಂದು ಜೀಪಿನಲ್ಲಿ ಕರೆದೊಯ್ದರು.
ಇಂಜಿನಿಯರ್ ಪ್ರಜುಲಾ, ಪಯ್ಯನ್ನೂರಿನವಳು,
ನನ್ನ ಮಗಳ ಪ್ರಾಯ.
ಒಂದು ಉಕ್ಕಿನ ಕೊಳವೆ. ಅಷ್ಟೇ. ನನ್ನ ತೊಡೆಯಷ್ಟು ದಪ್ಪ.
ಇದಕ್ಕಾ ಇಷ್ಟು ರಿಬ್ಬನ್ನು, ಎಂದಳು ಮಿಸ್ರಿಯಾ.

"ಒಳಗೆ ನೀರು, ಲಲಿತಾಕ್ಷಿ ಚೇಚಿ, ಬರೀ ನೀರು."
ಮುನ್ನೂರ ಎಪ್ಪತ್ತನಾಲ್ಕು ಡಿಗ್ರಿ ದಾಟಿಸಬೇಕಂತೆ,
ಎರಡು ಸಾವಿರ ಮೀಟರು ಕಡಲಡಿಯಲ್ಲಿ ಎಷ್ಟು ಭಾರವೋ
ಅದಕ್ಕೂ ಹೆಚ್ಚು ಅದುಮಿ ಹಿಡಿಯಬೇಕಂತೆ.
ಆಗ ಅದು ಕುದಿಯುವುದಿಲ್ಲ.
ಕುದಿಯುವುದಿಲ್ಲವೆ?
ಕುದಿಯುವುದನ್ನೇ ಮರೆಯುತ್ತದೆ.

ಅಂಗಿ ಗುಂಡಿಯಷ್ಟು ಗಾಜಿನ ಕಿಂಡಿ, ಅದಕ್ಕೊಂದು ಕ್ಯಾಮೆರಾ.
ಪರದೆಯಲ್ಲಿ ಕೆಳಗೆ ನೀರು, ಮೇಲೆ ಹಬೆ,
ನಡುವೆ ನಡುಗುವ ಒಂದು ಗೆರೆ.
ಒಮ್ಮೆಲೇ ಎಲ್ಲ ಗಂಜಿತಿಳಿಯ ಹಾಗೆ ಮಸುಕಾಯಿತು.
ಮತ್ತೆ ಸ್ವಚ್ಛವಾದಾಗ ಗೆರೆ ಇರಲಿಲ್ಲ.
ಒಡೆದದ್ದಲ್ಲ, ಮುಳುಗಿದ್ದೂ ಅಲ್ಲ.
ಗೋಡೆ ನೋಡಿ, ಕಣ್ಣೊರೆಸಿ, ಮತ್ತೆ ನೋಡಿದೆ. ಇಲ್ಲ.
ತಲಪಾಡಿಯಲ್ಲಿ ಬಸ್ಸಿಳಿದು ಬಸ್ಸು ಹತ್ತುವವಳಿಗೆ
ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕು.

ಈ ನೀರು ತಲೆಕೆಳಗು, ಎಂದಳು ಪ್ರಜುಲಾ.
ಎಣ್ಣೆಯನ್ನು ಕರಗಿಸಿಕೊಳ್ಳುತ್ತದೆ, ಉಪ್ಪನ್ನು ಉಗುಳುತ್ತದೆ.
ಉಪ್ಪು ಒಲ್ಲದ ನೀರು!
ಕಡಲ ಕರೆಯಲ್ಲಿ ಹುಟ್ಟಿದ ಮಿಸ್ರಿಯಾ
ಬಾಯಿಗೆ ಶಾಲು ಹಿಡಿದು ನಕ್ಕಳು.
ತೊಟ್ಟೆಯೊಳಗಿನ ಉದ್ದುದ್ದ ಸರಪಳಿ
ಹೊಲಿಗೆ ಬಿಟ್ಟ ಅಂಗಿಯ ಹಾಗೆ ಬಿಚ್ಚಿಕೊಂಡು
ಕೊನೆಗೆ ಬಾಟಲಿಯಲ್ಲಿ ಕಂದು ಎಣ್ಣೆ.
ಮೂಸಿದೆ. ಪೆಟ್ರೋಲು, ಮತ್ತೆ ಸುಟ್ಟ ಮೇಣ.
ಯಾರ ಮನೆಯ ಹಾಲೋ.

"ಒಂದೇ ಮಾತು ಚೇಚಿ. ಫ್ಲೆಕ್ಸ್ ಮಾತ್ರ ಬೇಡ.
ಅದರಲ್ಲಿ ಕ್ಲೋರಿನ್ ಇದೆ, ಉಕ್ಕನ್ನೇ ತಿನ್ನುತ್ತದೆ.
ನಿಮ್ಮ ಬೆರಳು ನೋಡಿಕೊಳ್ಳಬೇಕು."
ನನ್ನ ಬೆರಳಿನ ಹತ್ತಿರ ಈವರೆಗೆ
ಯಾರೂ ಹೀಗೆ ಮಾತಾಡಿರಲಿಲ್ಲ.

ಸೋಮವಾರ, ಮೊದಲ ಲೋಡಿಗೆ ಸುರಿದಾಗ ಸಿಕ್ಕಿತು.
ಮಡಚಿ ಮಡಚಿ ಇಟ್ಟಿಗೆಯಷ್ಟಾಗಿತ್ತು. ಬಿಚ್ಚಿದೆ.
ಗೋಲ್‌ಕೀಪರ್ ಸವಾದ್. ಹಳದಿ ಜೆರ್ಸಿ, ಎರಡೂ ಕೈಗೆ ಗ್ಲೌಸು.
ಹೆದ್ದಾರಿ ಅಗೆದಿದ್ದ ವರ್ಷ ರಾತ್ರಿ ಬೈಕಿನಲ್ಲಿ ಹೋದವ.
ಮಿಸ್ರಿಯಾಳ ಅಕ್ಕನ ಮಗ.
ಎರಡು ಮಳೆಗಾಲಕ್ಕೆ ಅರ್ಧ ಮುಖ ಬೆಳ್ಳಗಾಗಿತ್ತು.
ಮೇಲೆ ಮಲಯಾಳದಲ್ಲಿ ಸರಿಯಾಗಿಯೇ ಬರೆದಿತ್ತು.
ಕೆಳಗೆ ಕನ್ನಡದಲ್ಲಿ: ಶ್ರದಾಂಜಲಿ.

ಅವಳು ತೂಗುವುದನ್ನು ನಿಲ್ಲಿಸಲಿಲ್ಲ.
"ಯಾವ ಮೂಟೆಗೆ?"
ಯಾವುದಕ್ಕೂ ಅಲ್ಲ. ಇದು ಬೇಡವಂತೆ ಅವರಿಗೆ.
"ಬೇಡವಾ," ಎಂದಳು.
ಸ್ವಲ್ಪ ಹೊತ್ತು ಬಿಟ್ಟು, "ಒಳ್ಳೇದಾಯ್ತು."

ಶೆಡ್ಡು ಸೋರುವ ಮೂಲೆಯಲ್ಲಿ ಕಟ್ಟಿದೆವು, ಮುಖ ಒಳಗಡೆಗೆ.
ಮೂಟೆಗೆ ವಾರ್ಡು ನಂಬರು ಬರೆಯುವ ಕಪ್ಪು ಮಾರ್ಕರ್ ತೆಗೆದು
ಸ್ಟೂಲು ಹತ್ತಿ
'ದಾ'ದ ಕೆಳಗೆ ಬಿಟ್ಟುಹೋದ ಒತ್ತು ಹಾಕಿದೆ.
ಶಾಲೆಯಲ್ಲಿ ಇದೇ ಒತ್ತಿಗೆ ಪೆಟ್ಟು ತಿಂದವಳು ನಾನು.
ಮಿಸ್ರಿಯಾಳಿಗೆ ಕನ್ನಡ ಓದಲು ಬಾರದು.
"ಏನು ಬರೆದೆ ಅವನಿಗೆ?"
ಏನಿಲ್ಲ ಮಾರಾಯ್ತಿ, ಒಂದು ಬಾಲ.
ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾದಳು.
"ನೂರಾ ಆರು ಕಿಲೋ. ಬರಕೋ."
ಬರೆದುಕೊಂಡೆ.