ಪಾಳಿಗೆ ಮುಂಚೆ, ಮೈಲಾರಿಗೆ

ಪೊರಕೆ ಕೆಳಗಿಡು.
ಮನೆಯಲ್ಲಿ ಎದ್ದ ಕೂಡಲೇ ಹಿಡಿಯೋದು ಅದನ್ನೇ, ಗೊತ್ತು.
ಇಲ್ಲಿ ಗುಡಿಸಿದರೆ ನೆಲ ಚೊಕ್ಕಟ, ಗಾಳಿ ಹೊಲಸು.
ಮೊದಲು ನೀರು ಚಿಮುಕಿಸು, ಆಮೇಲೆ ಒದ್ದೆ ಬಟ್ಟೆ.
ಆ ಬಟ್ಟೆಗೂ ಒಂದು ಮುಚ್ಚಳದ ಡಬ್ಬಿ ಐತೆ.

ನಮ್ಮಪ್ಪ ದಾವಣಗೆರೆ ಹತ್ತಿ ಮಿಲ್ಲಿನಲ್ಲಿ
ಅರಳೆ ಕೆಮ್ಮಿದವನು.
ಅದು ಕಾಣೋ ಧೂಳು, ಮೀಸೆ ಮೇಲೆ ಕೂರ್ತಿತ್ತು.
ಮಿಲ್ಲು ಮುಚ್ಚಿತು, ಕೆಮ್ಮು ಮುಚ್ಚಲಿಲ್ಲ.

ಈ ಪುಡಿ ನೋಡೋಕೆ ಏನೂ ಅಲ್ಲ.
ಅರಿಸಿನಕ್ಕೆ ಬೂದಿ ಬೆರೆಸಿದ ಬಣ್ಣ.
ಮೂಲೆ ಡ್ರಮ್ಮಿಂದು ಕೇಸರಿ,
ಹನುಮಪ್ಪನಿಗೆ ಬಳಿಯೋ ಸಿಂಧೂರದ ಹಂಗೆ.
ಎರಡೂ ಸೀಸವೇ.
ತೂಕ ಒಂದೇ ಸುಳ್ಳು ಹೇಳಲ್ಲ:
ಬೆಲ್ಲದ ಡಬ್ಬಿಯಷ್ಟು ಡಬ್ಬಿ, ಎತ್ತಿದರೆ ಸೊಂಟಕ್ಕೆ ಗೊತ್ತಾಗ್ತೈತೆ.
ಆಸಿಡ್ಡಾದರೂ ಪ್ರಾಮಾಣಿಕ,
ಬಿದ್ದ ಕಡೆ ಸುಟ್ಟು ತನ್ನ ಹೆಸರು ಹೇಳ್ತೈತೆ.
ಇದಕ್ಕೆ ವಾಸನೆ ಇಲ್ಲ, ಉರಿ ಇಲ್ಲ;
ಎರಡು ದಿನ ಅಂತ ಬಂದ ನೆಂಟನ ಹಂಗೆ
ಮೂಳೆಯೊಳಗೆ ಸಂಸಾರ ಹೂಡ್ತೈತೆ.

ಮಾಸ್ಕು ಕೊರಳಿಗಲ್ಲ, ತಾಳಿ ಅಲ್ಲ ಅದು.
ಒಂದು ಪಟ್ಟಿ ನೆತ್ತಿಗೆ, ಒಂದು ಹೆಡಕಿಗೆ.
ಅಂಗೈ ಮುಚ್ಚಿ ಉಸಿರೆಳೆ. ರಬ್ಬರು ಕೆನ್ನೆಗೆ ಕಚ್ಚಬೇಕು.
ಗಡ್ಡ ಇದ್ದರೆ ಕಚ್ಚಲ್ಲ.
ಹರಕೆ ಗಡ್ಡ ಅಂದೆಯಲ್ಲ ನಿನ್ನೆ,
ಹೋಗಿ ಒಪ್ಪಿಸಿ ಬಾ, ರಜೆ ನಾನು ಬರೆಸ್ತೀನಿ.
ದೇವರು ಅರ್ಥ ಮಾಡಿಕೊಳ್ತಾನೆ. ಸೀಸ ಮಾಡಿಕೊಳ್ಳಲ್ಲ.

ನಾಲ್ಕಕ್ಕೆ ಮಂಡಕ್ಕಿ ಬರ್ತೈತೆ, ಮಿರ್ಚಿ ಬರ್ತೈತೆ.
ಕೈ ಬಾಯಿ ತೊಳೆದು, ಗೇಟಿನ ಆಚೆ ತಿನ್ನು.
ಜಬೀವುಲ್ಲ ಇಲ್ಲೇ, ಪ್ಲೇಟಿನ ಅಟ್ಟಿ ಮೇಲೆ ಪೇಪರು ಹಾಸಿ
ಹನ್ನೊಂದು ವರ್ಷ ತಿಂದ.
ಇವತ್ತು ಸಿಹಿ ಐತಲ್ಲೋ ಮಂಡಕ್ಕಿ, ಅಂತಿದ್ದ.
ಭಟ್ಟಿಯವನು ಬೆಲ್ಲ ಬೆರೆಸಿದಾನೆ ಬಿಡು ಅಂತ ನಗ್ತಿದ್ವಿ.
ಒಂದಿನ ಟೀ ಲೋಟ ಹಿಡಿದ ಕೈ
ಮಣಿಕಟ್ಟಿನಿಂದ ಕೆಳಗೆ ಜೋತು ಬಿತ್ತು,
ಬಿಸಿಲಿಗೆ ಬಾಡಿದ ಹಾಗಲ ಬಳ್ಳಿ.
ಈಗ ಅಂಗಿ ಗುಂಡಿ ಹೆಂಡತಿ ಹಾಕ್ತಾಳೆ.
ಕೈ ಬೀಸದೆ ಮಾತೇ ಬರದ ಮನುಷ್ಯ ಅವನು.
ಈಗ ಮಾತೇ ಕಡಿಮೆ.

ಇನ್ನೊಂದು ಐತೆ, ಗೋಡೆ ಬೋರ್ಡಲ್ಲಿ ಬರೆದಿಲ್ಲ.
ಮೊದಮೊದಲು ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗ್ತಿದ್ದೆ.
ಅಮೂಲ್ಯ ಆಗ ಮೂರು ವರ್ಷದೋಳು,
ಓಡಿ ಬಂದು ಮೊಣಕಾಲಿಗೆ ಮುಖ ಒತ್ತೋಳು.
ಅಂಗನವಾಡಿ ಟೀಚರು ಕರೆಸಿ ಅಂದ್ರು,
ಕಲಿತ ಪದ್ಯ ಮರೀತಾಳೆ, ಹೊಟ್ಟೆನೋವು ಅಂತ ಮೂಲೆ ಹಿಡೀತಾಳೆ.
ಡಾಕ್ಟರಮ್ಮ ರಕ್ತದ ಚೀಟಿ ಓದಿ
ಮಗಳ ಕಡೆ ನೋಡಲಿಲ್ಲ,
ನನ್ನ ಪ್ಯಾಂಟು ನೋಡಿದರು.

ಮುಟ್ಟಬೇಡ ಅನ್ನೋದ ಕೇಳಿ ಬೆಳೆದ ಕೇರಿ ನಮ್ಮದು.
ಅಪ್ಪನಿಗೆ ಹೋಟೆಲಿನಲ್ಲಿ ಬೇರೆ ಲೋಟ, ಸೂರಿಗೆ ಸಿಕ್ಕಿಸಿದ್ದು.
ಆ ಮಾತು ನನ್ನ ಬಾಯಲ್ಲಿ ಬರಬಾರದು ಅಂತಿದ್ದೆ.
ಬಂತು. ಬಾಗಿಲಲ್ಲಿ ನಿಂತು, ಹೆತ್ತ ಮಗಳಿಗೆ:
ಮುಟ್ಟಬೇಡ, ಅಪ್ಪ ಇನ್ನೂ ತೊಳಕೊಂಡಿಲ್ಲ.
ಎತ್ತಿದ ಎರಡು ಕೈ
ಹಾಗೇ ನಿಂತವು ಗಾಳಿಯಲ್ಲಿ.

ಮರುದಿನ ಮಾಲೀಕರ ಟೇಬಲ್ ಮುಂದೆ ಒಂಬತ್ತು ಜನ.
ಎರಡು ನಲ್ಲಿ, ಒಂದು ಬಚ್ಚಲು,
ಬರೋ ಬಟ್ಟೆಗೊಂದು ಬೀರು, ಬಿಡೋ ಬಟ್ಟೆಗೊಂದು.
ನೀರಿನ ಬಿಲ್ಲು ಯಾರಪ್ಪ ಕಟ್ಟೋದು ಅಂದ್ರು.
ಜಬೀವುಲ್ಲ ಏನೂ ಅನ್ನಲಿಲ್ಲ.
ಟೇಬಲ್ ಮೇಲೆ ಕೈ ಇಟ್ಟ. ಎತ್ತೋಕೆ ನೋಡಿದ.
ನೋಡ್ತಾನೇ ಇದ್ದ.
ಹದಿನೈದು ದಿನಕ್ಕೆ ನಲ್ಲಿ ಬಂತು, ಬೀರಿಗೆ ಎಂಟು ತಿಂಗಳು.
ಧೂಳು ಎಳೆಯೋ ಫ್ಯಾನು ಇನ್ನೂ ಬಂದಿಲ್ಲ,
ಕೇಳೋಕೆ ನೀನೂ ಬೇಕು.

ಅಮೂಲ್ಯ ಈಗ ಎರಡನೇ ಕ್ಲಾಸು.
ದಿನಾ ಸಂಜೆ ಓಣಿ ತಿರುವಿನಿಂದಲೇ ಕೂಗ್ತಾಳೆ,
ಅಪ್ಪಾ, ತೊಳಕೊಂಡ್ಯಾ?
ಅಂಗೈ ಮೂಸಿ ನೋಡಿ, ಸೋಪು ಇದ್ದರೆ ಮಾತ್ರ ಒಳಗೆ.
ಪದ್ಯ ಈಗಲೂ ಅರ್ಧಕ್ಕೆ ನಿಲ್ತೈತೆ ಒಂದೊಂದು ಸಲ.

ಸಂಜೆ ಉಜ್ಜುವಾಗ ಅವಸರ ಮಾಡಬೇಡ,
ಕರೂರಿಗೆ ಇನ್ನೊಂದು ಬಸ್ಸು ಬರ್ತೈತೆ.
ಸೈರನ್ನಾಯ್ತು ನೋಡು.
ಎಲ್ಲಿ, ಉಗುರು ತೋರಿಸು.