ಹುಳಿ ಅಕ್ಕ

ಕೊಲರಾಡೊದ ಪ್ವೆಬ್ಲೊ ಊರು. ಉಕ್ಕಿನ ಕಾರ್ಖಾನೆಯ ಹಿಂದೆ
ನಮ್ಮ ಪ್ರಯೋಗಾಲಯ.
ಟರ್ಪೆಂಟೈನೂ ಅಲ್ಲದ, ನಿಂಬೆಸಿಪ್ಪೆಯೂ ಅಲ್ಲದ ಒಂದು ವಾಸನೆ
ಮನೆಗೆ ಹೋದರೂ ಜಡೆ ಬಿಡುವುದಿಲ್ಲ.
ಬಸ್ಸಿನಲ್ಲಿ ಪಕ್ಕದವರು ನನ್ನ ನೋಡಿ ಕಣ್ಣು ಮಿಟುಕಿಸುತ್ತಾರೆ.
ಒಂದು ಸಲವೂ ಸೇದಿದವಳಲ್ಲ ನಾನು.

ನನ್ನದು ಅಳತೆಯ ಕೆಲಸ.
ಭಂಗಿಯ ಮೊಗ್ಗು ಅರೆದು, ಮದ್ಯಸಾರದಲ್ಲಿ ನೆನೆಸಿ, ಸೋಸಿ,
ಯಂತ್ರಕ್ಕೆ ಒಂದು ಹನಿ.
ಪರದೆಯ ಮೇಲೆ ಮಲಗಿದ ಗೆರೆ
ನಾಲ್ಕನೇ ನಿಮಿಷಕ್ಕೆ ಎದ್ದು ಕೂರುತ್ತದೆ: ಸಿಬಿಡಿ.
ಎಂಟು ದಾಟಿದ ಮೇಲೆ ತೆಂಗಿನೆತ್ತರ ಇನ್ನೊಂದು:
ಟಿಎಚ್‌ಸಿ ಅಲ್ಲ, ಅದರ ಹುಳಿ ಅಕ್ಕ.
ಇವಳು ಸಾಧು. ಬೆಂಕಿ ಬಂದು
ಮೈಯಿಂದ ಒಂದು ಚೂರು ಗಾಳಿ ಕಿತ್ತ ಮೇಲೇ ಅಮಲು.

ಮಂಗಳವಾರ ಎಲೋಯ್ ಮೊಂಟಾನ್ಯೊ ಬಂದ,
ಕುಲುಮೆಯ ಮುಂದೆ ಮೂವತ್ತೊಂದು ವರ್ಷ ನಿಂತವನು.
ಕಾಫಿ ಡಬ್ಬಿಯಲ್ಲಿ ಹಿತ್ತಿಲ ಗಿಡದ ಮೊಗ್ಗು.
ಚೀಟಿಯಿಲ್ಲದ್ದನ್ನು ಮುಟ್ಟಬಾರದು. ಮುಟ್ಟಿದೆ.
‘ಕೀಮೋ ಆದಮೇಲೆ ಬರ್ನಿಗೆ ನೀರೂ ನಿಲ್ಲುತ್ತಿಲ್ಲ.
ಎಷ್ಟು ಕೊಡಲಿ?’

ನಾನು ಡಾಕ್ಟರಲ್ಲ, ಅಂಕಿ ಕೊಡಬಲ್ಲೆ ಅಷ್ಟೆ, ಎಂದೆ.
ಆಮೇಲೆ ಬಾಯಿ ನಿಲ್ಲಲಿಲ್ಲ.
ವಾಂತಿ ಹುಟ್ಟುವಲ್ಲಿ ಬೀಗಗಳಿವೆ, ಈ ಕೀಲಿ ಅಲ್ಲಿ ತಿರುಗುತ್ತದೆ.
ಜೊಲ್ಲಿನ ಗ್ರಂಥಿಯಲ್ಲೂ ಇವೆ, ಬಾಯಿ ಒಣಗುತ್ತದೆ, ನೀರಿಟ್ಟಿರು.
ನೆನಪಿನ ಕೋಣೆಯಲ್ಲೂ ಇವೆ: ಮಾತಿನ ನಡುವೆ
ಮಾತಿನ ತಲೆ ಮರೆತಾಳು, ಹೆದರಬೇಡ.
ಎದೆ ಓಡೀತು. ಏಳುವಾಗ ಕೈ ಹಿಡಿ.
ಉಸಿರಿನ ಕೋಣೆಯಲ್ಲಿ ಮಾತ್ರ ಬೀಗ ಕಡಿಮೆ.
ಬಿಸ್ಕತ್ತಿನಲ್ಲಿ ಹಾಕಿದರೆ ಎರಡು ಗಂಟೆ ಕಾಯಿ,
ಹತ್ತಲಿಲ್ಲವೆಂದು ಇನ್ನೊಂದು ತುಂಡು ಕೊಟ್ಟೀಯ!
ಕೊಡುವ ಮೊದಲು ಅವಳ ನರ್ಸಿಗೆ ಹೇಳು.

‘ನಮ್ಮ ಮೈಯಲ್ಲಿ ಈ ಗಿಡದ ಬೀಗ ಯಾರು ಹಾಕಿದರು?’
ಗಿಡದ್ದಲ್ಲ, ಎಲೋಯ್. ಮೈಯೇ ಕೀಲಿ ಎರೆದುಕೊಳ್ಳುತ್ತದೆ,
ಬೇಕಾದಷ್ಟೇ, ಬೇಕಾದಾಗ; ನಿಮಿಷದಲ್ಲಿ ಕರಗಿಸಿಬಿಡುತ್ತದೆ.
ಇದು ಕಳ್ಳಕೀಲಿ. ತಿರುಗುತ್ತದೆ, ಬೇಗ ಹೊರಬರುವುದಿಲ್ಲ.
ಕೊಬ್ಬು ಕಂಡಲ್ಲಿ ವಾರಗಟ್ಟಲೆ ಬಿಡಾರ.

ಮೈಯ ಆ ಕೀಲಿಗೆ ನಮ್ಮ ಮೇಲಧಿಕಾರಿ
ಅನ್ಯಾಂಡಮೈಡ್ ಎನ್ನುತ್ತಾನೆ.
ಆರು ವರ್ಷ ನಾನೂ ಹಾಗೇ ಅಂದೆ.
ಅವತ್ತು ಯಾಕೋ ತಿದ್ದಿದೆ: ಆನಂದ. ನಮ್ಮ ಕಡೆಯ ಮಾತು ಅದು.
‘ಆ-ನಂ-ದ,’ ಎಂದ ಎಲೋಯ್.
ಅವನ ಸ್ಪ್ಯಾನಿಷ್ ನಾಲಿಗೆಯಲ್ಲಿ ದಕಾರ
ಸರಿಯಾಗಿ ಹಲ್ಲಿಗೆ ತಾಗಿತು.

ಶುಕ್ರವಾರ ಫೋನು.
ಡಬ್ಬಿಯ ಪೀಚ್ ಹಣ್ಣು, ಅರ್ಧ ಹೋಳು ತಿಂದಳಂತೆ.
ತಿಂದು, ತಿಂದದ್ದು ಮರೆತು,
‘ಪೀಚ್ ಇತ್ತಲ್ಲ, ಎಲ್ಲಿಟ್ಟೆ?’ ಎಂದು ಜಗಳಕ್ಕೆ ಬಂದಳಂತೆ.
‘ಇನ್ನೂ ಬೈಯುತ್ತಿದ್ದಾಳೆ, ಕೇಳು,’ ಎಂದು
ಫೋನನ್ನು ಆಕೆಯ ಕಡೆ ಹಿಡಿದ.