ಇನ್ನೂರ ನಲವತ್ತು

ಸುಲ್ತಾನಪೇಟೆಯ ಒಂದು ಸಂದು. ಮೆಟ್ಟಿಲು ಕಡಿದು.
ಕೆಳಗೆ ಅರಿಸಿನದಂಚಿನ ಲಕೋಟೆ ಅಂಗಡಿ,
ಮೇಲೆ ನಾನು, ಒಂದು ಫ್ಯಾನು, ಎರಡು ಕಂಪ್ಯೂಟರು.
ಹಳೆಯದರ ಮೂಲೆಯಲ್ಲಿ ಒಂದು ಪುಟಾಣಿ ತಂತ್ರಾಂಶ,
ತೂಕ ಇನ್ನೂರು ಕೆಬಿ.
ಬೆಳಗಾದರೆ ಫೋನಿಗೆ ಬಂದು ಬೀಳುವ ಗುಡ್ ಮಾರ್ನಿಂಗ್ ಗುಲಾಬಿ
ಇದರ ಹತ್ತರಷ್ಟು ಭಾರ.

ಎರಡು ಚೌಕ, ನಡುವೆ ಒಂದು ಗುಂಡಿ, ಅಷ್ಟೆ.
ಎಡಕ್ಕೆ ಹಳೇ ಫಾಂಟಿನ ಮ್ಯಾಟರು ಸುರಿದರೆ
ಟೋಪಿ ಹಾಕಿದ ಎ, ಬಾಲ ಬಿಟ್ಟ ಸಿ,
ಛತ್ರದ ಬಾಗಿಲಲ್ಲಿ ಕಳೆದುಹೋದ ಚಪ್ಪಲಿಗಳ ಹಾಗೆ.
ಗುಂಡಿ ಒತ್ತು.
ಬಲಕ್ಕೆ ಬಂದು ಕೂರುತ್ತದೆ ಕನ್ನಡ, ತಲೆ ಬಾಚಿಕೊಂಡು.

ಬೇರೆಯವನ್ನೂ ನೋಡಿದ್ದೇನೆ.
ಪಾರ್ವತಿಯನ್ನು ಪಾವರ್ತಿ ಮಾಡಿದವು,
ಕೀರ್ತಿಯನ್ನು ಕೀತಿರ್.
ಮುಹೂರ್ತವೇ ಮುಹೂತರ್ ಆಗಿ
ಮೂರು ಸಾವಿರ ಕಾರ್ಡು ರದ್ದಿಗೆ ಹೋದ ದಿನ
ತಿಪ್ಪಯ್ಯಶೆಟ್ಟರು ಊಟದ ಡಬ್ಬಿ ತೆರೆಯಲೇ ಇಲ್ಲ.

ಅದರ ಮಾರನೇ ವಾರ ಇನಾಯತ್.
ಪ್ರಿಂಟರು ರಿಪೇರಿಗೆ ಬರುತ್ತಿದ್ದ ಹುಡುಗ, ಮನೆಯಲ್ಲಿ ದಖನಿ,
ಶಾಲೆಯಲ್ಲಿ ಕನ್ನಡ ಏಳರ ತನಕ, ಅದೂ ಮೂವತ್ತೈದಕ್ಕೆ ಪಾಸು.
ಅಕ್ಷರಗಳನ್ನೆಲ್ಲ ನಂಬರು ಹಿಡಿದೇ ಕರೆಯುತ್ತಿದ್ದ:
"ಅಕ್ಕ, ಈ ಇನ್ನೂರ ನಲವತ್ತು ಯಾಕೆ ಯಾವಾಗಲೂ ಲೇಟು?"
ಅದು ಅರ್ಕಾವತ್ತು ಕಣೋ, ಅಂದೆ,
ಬಾಯಲ್ಲಿ ಮೊದಲು ಬರುತ್ತೆ, ಕೈಯಲ್ಲಿ ಕೊನೆಗೆ.
ಬಾಯಲ್ಲಿ ಮೊದಲು, ಕೈಯಲ್ಲಿ ಕೊನೆ,
ಎರಡು ಸಲ ಗುನುಗಿ ಲಕೋಟೆಯ ಬೆನ್ನಿಗೆ ಬರೆದುಕೊಂಡ.
ಕರೆಂಟು ಹೋಗಿ ಬಂದು ಹೋದ ಎರಡು ಮಧ್ಯಾಹ್ನಗಳ ಕೆಲಸ.
ಕೂಲಿ, ಒಂದು ಸೆಟ್ ದೋಸೆ,
ತಂಗಿಯ ನಿಕಾಹ್ ಕಾರ್ಡು ಇನ್ನೂರು, ಬಿಟ್ಟಿ.

ಆಮೇಲೆ ಕಿಟಕಿ ಎಷ್ಟು ಸಲ ಬದಲಾಯಿತೋ,
ಬೀದಿಯ ಕಡೆಯದೂ, ಪರದೆಯ ಒಳಗಿನದೂ.
ಇದು ಮಾತ್ರ ಅದೇ ಬೂದಿ ಬಣ್ಣದ ಪೆಟ್ಟಿಗೆ.
ಪಾಸ್‌ವರ್ಡ್ ಕೇಳಿಲ್ಲ, ನಕ್ಷತ್ರ ಕೊಡಿ ಅಂದಿಲ್ಲ,
ಹೊಸದಾಗುತ್ತೇನೆ ತಡಿ ಎಂದು ನನ್ನನ್ನು ಕಾಯಿಸಿಲ್ಲ.
ವರ್ಷಕ್ಕೊಮ್ಮೆ ಆಂಟಿವೈರಸ್ಸು ಹೌಹಾರುತ್ತದೆ:
ಅಪರಿಚಿತ ವ್ಯಕ್ತಿ ಬರೆದದ್ದು, ತೆರೆಯಬೇಕೇ?
ಹೌದು ಒತ್ತುತ್ತೇನೆ. ಗೊತ್ತಿರೋ ಹುಡುಗನೇ.

ಊನ ಒಂದೇ ಒಂದು.
ಒತ್ತೂ ಅರ್ಕವೂ ಒಂದೇ ತಲೆಗೆ ಬಿದ್ದರೆ
ಪಾಪ, ಯಾರನ್ನು ಮೊದಲು ಕರೆಯಲಿ ಎಂದು ತೊದಲುತ್ತದೆ.
ಅದಕ್ಕೇ ಜಾತಕ ಬಂದಾಗ ಇಪ್ಪತ್ತಾರು ನಕ್ಷತ್ರ ಬಿಟ್ಟು
ಒಂದನ್ನು ಮಾತ್ರ ಕಣ್ಣಿಟ್ಟು ಹುಡುಕುತ್ತೇನೆ.

ಹೋದ ಮಂಗಳವಾರ ಯಲಹಂಕದಿಂದ ಗಂಡ ಹೆಂಡತಿ,
ನಾಮಕರಣದ ಕಾರ್ಡು. ಮಗುವಿನ ಹೆಸರೇ ಆರ್ದ್ರಾ.
ಅಕ್ಕನ ಮಗುವಿನ ಹಳೇ ಕಾರ್ಡಿನ ಮ್ಯಾಟರೇ ಸಾಕು, ಹೆಸರು ತಿದ್ದಿ, ಅಂದರು.
ತಿದ್ದಿದೆ, ಸುರಿದೆ, ಒತ್ತಿದೆ.
ಬಲಕ್ಕೆ ಬಂತು: ಆದ್ರಾರ್.
"ಆದ್ರೆ ಯಾರ್?" ಅಂದ ಅಪ್ಪ. ಅಮ್ಮ ನಗಲಿಲ್ಲ.

ಇನಾಯತ್‌ಗೆ ಫೋನು ಹಚ್ಚಿದೆ. ಈಗ ಟ್ಯಾನರಿ ರಸ್ತೆಯಲ್ಲಿ ಫ್ರಿಜ್ಜು ರಿಪೇರಿ.
"ಅದು ಇನ್ನೂ ಇದೆಯಾ ಅಕ್ಕ?"
ಹಿಂದೆ ಯಾವುದೋ ಕಂಪ್ರೆಸರು ಗೊರಕೆ ಹೊಡೆಯುತ್ತಿತ್ತು.
ಮೂಲ ಇದ್ದ ಫ್ಲಾಪಿಗೆ ಬೂಷ್ಟು ಹಿಡಿದು ಎಸೆದನಂತೆ.
"ಈಗ ನೆಟ್ಟಲ್ಲಿ ಎಲ್ಲ ಸರಿ ಮಾಡೋವು ಇವೆಯಲ್ಲ, ಅದರಲ್ಲಿ ಹಾಕಿ."
ಗೊತ್ತು, ಅಂದೆ.
ಸ್ವಲ್ಪ ಹೊತ್ತು ಬಿಟ್ಟು ಅವನೇ:
"ಇನ್ನೂರ ನಲವತ್ತು ಈಗಲೂ ಲೇಟಾ?"
ಈ ಒಂದು ಮಗುವಿಗೆ ಮಾತ್ರ ಕಣೋ.

ಫೋನಿಟ್ಟು, ಕೊನೆಯ ರ್ ಕತ್ತರಿಸಿ,
ಕರ್ಸರನ್ನು ದ್ರಾ ದಾಟಿಸಿ ಹಿಂದಕ್ಕೆ ನಡೆಸಿ,
ಆ ಪಕ್ಕ ಅಂಟಿಸಿದೆ.
ಆರ್ದ್ರಾ.
ಅಮ್ಮ ಪರದೆಗೆ ಬಾಗಿ ಬೆರಳಿಟ್ಟು ಓದಿದಳು.
ಗುಲಾಬಿ ಬಣ್ಣ ಬೇಡವಂತೆ. ಹಸಿರು. ಐವತ್ತು ಸಾಕು.